ಫ್ಲೋರೈಡ್ ಹಿಡಿಯುವ ಲೋಹದ ನೆಲೆ: ಸೋಸುಕದ ಒಳಗುಟ್ಟು ಹೇಳುವ ಎನ್‌ಎಂಆರ್

ಹಾರನಹಳ್ಳಿ (ಹಾಸನ ಜಿಲ್ಲೆ): ಅರಸೀಕೆರೆಗೆ ಸಮೀಪದ ಈ ಊರಿಗೆ ಪ್ರವಾಸಿಗರು ಬರುವುದು ಹದಿಮೂರನೆಯ ಶತಮಾನದ ಎರಡು ಹೊಯ್ಸಳ ದೇವಾಲಯಗಳನ್ನು ನೋಡಲು. ಬೇಲೂರು, ಹಳೇಬೀಡುಗಳ ಜನಸಂದಣಿ ಇಲ್ಲಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ದೇಗುಲಗಳ ಸಾಲಿನಲ್ಲಿಯೂ ಹಾರನಹಳ್ಳಿಯ ಹೆಸರಿಲ್ಲ. ಆದರೆ ಈ ತಾಲ್ಲೂಕು ಇನ್ನೊಂದು ಕಾರಣಕ್ಕೆ, ಅಷ್ಟೇನೂ ಹೆಮ್ಮೆಯದಲ್ಲದ ಕಾರಣಕ್ಕೆ, ಅಧಿಕಾರಿಗಳ ಕಡತಗಳಲ್ಲಿ ಪದೇ ಪದೇ ಕಾಣಿಸಿಕೊಂಡಿದೆ. ಮಲೆನಾಡಿನ ಅಂಚು ಮುಗಿದು ಬಯಲುಸೀಮೆ ತೊಡಗುವ ಅರಸೀಕೆರೆ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ದಶಕಗಳ ದೂರು.

ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರ್‌ನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಂ. ಇದನ್ನು ಮೀರಿದ ನೀರನ್ನು ಬಾಲ್ಯದಿಂದಲೇ ಕುಡಿದವರ ಹಲ್ಲಿನ ಮೇಲೆ ಬಿಳಿ, ಹಳದಿ, ಕೊನೆಗೆ ಕಂದು ಪಟ್ಟೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಸೇವಿಸಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಒಮ್ಮೆ ಬಾಗಿದ ಬೆನ್ನು ಮತ್ತೆ ನೆಟ್ಟಗಾಗುವುದಿಲ್ಲ. ಔಷಧಿಯಿಂದ ಗುಣವಾಗುವ ಕಾಯಿಲೆ ಇದಲ್ಲವಾದ್ದರಿಂದ ನೀರನ್ನು ಸರಿಪಡಿಸುವುದೊಂದೇ ದಾರಿ.

ಫ್ಲೋರೈಡ್ ಯಾವುದೋ ಕಾರ್ಖಾನೆಯಿಂದ ಹರಿದು ಬಂದದ್ದಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಅಭ್ರಕದಂಥ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ನೀರು ಕ್ಷಾರೀಯವಾಗಿದ್ದು ಸುಣ್ಣದ ಅಂಶ ಕಡಿಮೆಯಿದ್ದರೆ ಇಳಿಯುವ ಪ್ರಮಾಣವೂ ಹೆಚ್ಚು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೊಳವೆಬಾವಿಗಳು ಆಳಕ್ಕೆ ಹೋದಂತೆ, ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಇಂಥ ನೀರನ್ನು ಕುದಿಸಿದರೆ ಸೂಕ್ಷ್ಮಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗದು. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಈ ಸಂಗತಿ ನಗರವಾಸಿಗಳಲ್ಲಿಯೂ ಅನೇಕರಿಗೆ ತಿಳಿದಿಲ್ಲ.

ಬಿಳಿ ಹರಳಿನ ಕೆಲಸ

ನದಿ ನೀರು ತರುವುದು ಶಾಶ್ವತ ಪರಿಹಾರ ಎಂಬುದರಲ್ಲಿ ಎರಡು ಮಾತಿಲ್ಲ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆತಿದೆ. ಆದರೆ ಕಾಲುವೆ ಬರುವ ತನಕ ಜನ ನೀರು ಕುಡಿಯದೆ ಇರಲಾಗದು. ಆದ್ದರಿಂದ ಫ್ಲೋರೈಡ್ ತೆಗೆಯುವ ಹಲವು ವಿಧಾನಗಳು ದೇಶದಲ್ಲಿ ಬಳಕೆಗೆ ಬಂದಿವೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ, ಪಟಿಕ ಮತ್ತು ಸುಣ್ಣ ಬಳಸುವ ‘ನಲ್ಗೊಂಡ ವಿಧಾನ’ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ಸುಧಾಕರ ರಾವ್ ಅವರ ತಂಡ ಮೆಗ್ನೀಸಿಯಂ ಆಕ್ಸೈಡ್ ಬಳಸುವ ವಿಧಾನವೊಂದನ್ನು ರೂಪಿಸಿತು. ಈಚಿನ ವರ್ಷಗಳಲ್ಲಿ ಹಳ್ಳಿಹಳ್ಳಿಗಳಲ್ಲಿ ತಲೆಯೆತ್ತಿರುವ ಶುದ್ಧ ನೀರಿನ ಘಟಕಗಳಲ್ಲಿ ಬಹುಪಾಲು ರಿವರ್ಸ್ ಆಸ್ಮೋಸಿಸ್ ಪದ್ಧತಿಯವು. ಅವು ಪರದೆಯ ಮೂಲಕ ನೀರನ್ನು ಒತ್ತಡದಿಂದ ತಳ್ಳುತ್ತವೆ, ಅದರ ಜೊತೆಗೆ ಗಣನೀಯ ಪ್ರಮಾಣದ ನೀರನ್ನು ತ್ಯಾಜ್ಯವೆಂದು ಹೊರಗೆ ಬಿಡುತ್ತವೆ. ಬರದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ನೀರನ್ನು ಪೋಲು ಮಾಡದೆ, ವಿದ್ಯುತ್ತಿಲ್ಲದೆ ಕೆಲಸ ಮಾಡುವುದು ‘ಆಕ್ಟಿವೇಟೆಡ್ ಅಲ್ಯೂಮಿನಾ’ ಎಂಬ ಬಿಳಿ ಹರಳು. 1990ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಇದನ್ನು ಆಧರಿಸಿದ ಮನೆಬಳಕೆಯ ಸೋಸುಕ ಸಿದ್ಧವಾಯಿತು. ಯುನಿಸೆಫ್ ಅದನ್ನು ದೇಶದ ಹಲವೆಡೆ ಹಬ್ಬಿಸಿತು. ನೋಡಲು ಸಾಬಕ್ಕಿಯಂತಿರುವ ಈ ಹರಳಿನ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಂ ಹರಳಿನ ಒಳಮೈಯನ್ನು ಬಿಡಿಸಿ ಹಾಸಿದರೆ 200ರಿಂದ 300 ಚದರ ಮೀಟರ್ ಆದೀತು. ಅಂದರೆ ಸುಮಾರು ಮೂರು ಬ್ಯಾಡ್ಮಿಂಟನ್ ಅಂಕಣ.

ಫ್ಲೋರೈಡ್ ಹಿಡಿಯುವುದು ರಂಧ್ರವಲ್ಲ, ರಂಧ್ರದ ಗೋಡೆಯಲ್ಲಿರುವ ಅಲ್ಯೂಮಿನಿಯಂ ಪರಮಾಣು. ಒಳಮೈಯಲ್ಲಿರುವ ಅಲ್ಯೂಮಿನಿಯಂಗೆ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕದ ಜೋಡಿಗಳು, ಅಂಟಿಕೊಂಡಿರುತ್ತವೆ. ನೀರಿನಲ್ಲಿ ಬಂದ ಫ್ಲೋರೈಡ್ ಆ ಜೋಡಿಯನ್ನು ಹೊರದೂಡಿ ತಾನು ಆ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಗಾತ್ರದಲ್ಲಿ ಎರಡೂ ಹತ್ತಿರ ಹತ್ತಿರ ಇರುವುದರಿಂದ ಈ ಅದಲುಬದಲು ಸಲೀಸು. ಜಾಗಗಳೆಲ್ಲ ತುಂಬಿದ ದಿನ ಸೋಸುಕದ ಕೆಲಸ ಮುಗಿಯಿತು. ನಲ್ಲಿಯಿಂದ ನೀರು ಬರುತ್ತಲೇ ಇರುತ್ತದೆ, ಬಣ್ಣ ರುಚಿಗಳೂ ಬದಲಾಗುವುದಿಲ್ಲ. ಫ್ಲೋರೈಡ್ ಮಾತ್ರ ಹಾಗೆಯೇ ಹಾದುಹೋಗುತ್ತದೆ. ಕಾಸ್ಟಿಕ್ ಸೋಡಾದಿಂದ ತೊಳೆದು, ಬಳಿಕ ದುರ್ಬಲ ಆಮ್ಲದಿಂದ ಸರಿಪಡಿಸಿದರೆ ಹರಳು ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ಪ್ರತಿ ಬಾರಿ ಹೀಗೆ ತೊಳೆದಾಗಲೂ ಅದರ ಶಕ್ತಿ ಸ್ವಲ್ಪ ಸ್ವಲ್ಪವೇ ಕುಂದುತ್ತದೆ.

ಏಕೆ ಕುಂದುತ್ತದೆ? ಯಾವ ಅಲ್ಯೂಮಿನಿಯಂ ಫ್ಲೋರೈಡ್ ಹಿಡಿಯಿತು, ಯಾವುದು ಹಿಡಿಯಲಿಲ್ಲ? ಹಿಡಿದದ್ದು ಬಿಡಲೊಲ್ಲದೆ ಹೋದುದೇಕೆ? ಸೋಸುಕವನ್ನು ಉತ್ತಮಪಡಿಸಬೇಕಾದರೆ ಈ ಪ್ರಶ್ನೆಗಳಿಗೆ ಉತ್ತರ ಬೇಕು. ಘನಸ್ಥಿತಿ ಎನ್‌ಎಂಆರ್ ಎಂಬ ತಂತ್ರ ಬೇಕಾಗುವುದು ಇಲ್ಲಿ.

ಎಕ್ಸ್-ರೇಗೆ ಸಿಗದದ್ದು

ವಸ್ತುವೊಂದರ ಪರಮಾಣು ಜೋಡಣೆಯನ್ನು ತಿಳಿಯಲು ವಿಜ್ಞಾನಿಗಳು ಮೊದಲು ಬಳಸುವುದು ಎಕ್ಸ್-ರೇ ವಿವರ್ತನೆಯನ್ನು. ಅದು ಪುನರಾವರ್ತನೆಯನ್ನು ಹುಡುಕುವ ತಂತ್ರ. ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಪಟ್ಟಿಕೆಗಳನ್ನು ನೆನಪಿಸಿಕೊಳ್ಳಬಹುದು: ಸಾಲಾಗಿ ಆನೆಗಳು, ಅದರ ಮೇಲೆ ಕುದುರೆ ಸವಾರರು. ದೂರದಿಂದ ನೋಡಿದವರಿಗೆ ಸಾಲಿನ ಲಯ ಕಾಣುತ್ತದೆ. ಎಲ್ಲೋ ಒಂದು ಆನೆಯ ಸೊಂಡಿಲು ಮುರಿದಿದ್ದರೆ ಅದು ಕಾಣುವುದಿಲ್ಲ. ಎಕ್ಸ್-ರೇ ವಿವರ್ತನೆಯ ಗುಣವೂ ಮಿತಿಯೂ ಇದೇ. ಆಕ್ಟಿವೇಟೆಡ್ ಅಲ್ಯೂಮಿನಾದಲ್ಲಿಯಾದರೋ ಸಾಲೇ ಅಸ್ತವ್ಯಸ್ತ. ಮೇಲಾಗಿ ಕೆಲಸ ನಡೆಯುವುದು ಮುರಿದ ಜಾಗಗಳಲ್ಲಿಯೇ.

ಎನ್‌ಎಂಆರ್ ಸಾಲನ್ನು ಕೇಳುವುದಿಲ್ಲ. ಒಂದೊಂದು ಪರಮಾಣುವನ್ನೂ ‘ನಿನ್ನ ನೆರೆಹೊರೆಯವರು ಯಾರು’ ಎಂದು ಕೇಳುತ್ತದೆ. ಕೆಲವು ಪರಮಾಣುಗಳ ಬೀಜಗಳು ಪುಟ್ಟ ಆಯಸ್ಕಾಂತಗಳಂತೆ ವರ್ತಿಸುತ್ತವೆ. ಅವನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ನಿರ್ದಿಷ್ಟ ರೇಡಿಯೊ ಆವರ್ತನಕ್ಕೆ ಮಾತ್ರ ಓಗೊಡುತ್ತವೆ. 11.7 ಟೆಸ್ಲಾ ಕ್ಷೇತ್ರದಲ್ಲಿ ಜಲಜನಕ 500 ಮೆಗಾಹರ್ಟ್ಸ್‌ಗೆ ಓಗೊಟ್ಟರೆ ಅಲ್ಯೂಮಿನಿಯಂ ಸುಮಾರು 130ಕ್ಕೆ. ಈ ಕ್ಷೇತ್ರ ನಮ್ಮ ಸೀಮೆಯಲ್ಲಿರುವ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಮೂರು ಲಕ್ಷ ಪಟ್ಟು ಪ್ರಬಲ. ಬೀಜದ ಸುತ್ತಲಿನ ಎಲೆಕ್ಟ್ರಾನುಗಳು ಕ್ಷೇತ್ರವನ್ನು ತುಸು ಮರೆಮಾಡುವುದರಿಂದ, ನೆರೆಯ ಪರಮಾಣುಗಳು ಬದಲಾದಂತೆ ಆವರ್ತನವೂ ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು ಬದಲಾಗುತ್ತದೆ. ಇದನ್ನು ಪಿಪಿಎಂ ಎಂದು ಅಳೆಯುತ್ತಾರೆ. ನೀರಿನ ವರದಿಯಲ್ಲಿ ಫ್ಲೋರೈಡ್‌ನ ಮುಂದೆ ಬರೆಯುವ ಪಿಪಿಎಂಗೂ ಇದಕ್ಕೂ ಸಂಬಂಧವಿಲ್ಲ. ಹೆಸರು ಮಾತ್ರ ಒಂದೇ.

ಆಸ್ಪತ್ರೆಯ ಎಂಆರ್‌ಐ ಯಂತ್ರದ ಮೂಲವೂ ಇದೇ ತತ್ತ್ವ. ಈ ವಿದ್ಯೆಗೆ ಬೆಂಗಳೂರಿನ ನಂಟು ಹಳೆಯದು. ಘನ ಮತ್ತು ದ್ರವಗಳಲ್ಲಿ ಈ ಅನುರಣನವನ್ನು ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ತಂಡಗಳು ಕಂಡುಕೊಂಡದ್ದು 1945–46ರಲ್ಲಿ. ಕೇವಲ ಐದು ವರ್ಷಗಳ ಬಳಿಕ, 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ನೀರಿನಲ್ಲಿ ಎನ್‌ಎಂಆರ್ ಸಂಕೇತ ಹೇಗೆ ಬದಲಾಗುತ್ತದೆಂಬುದನ್ನು ಅಳೆದು ಪ್ರಕಟಿಸಿದರು. ರಕ್ತನಾಳಗಳಲ್ಲಿನ ಹರಿವನ್ನು ಅಳೆಯುವ ಇಂದಿನ ಎಂಆರ್‌ಐ ವಿಧಾನಗಳ ಇತಿಹಾಸ ಬರೆಯುವವರು ಈ ಪ್ರಬಂಧವನ್ನು ಇಂದಿಗೂ ನೆನೆಯುತ್ತಾರೆ. ಅದೇ ಆವರಣದಲ್ಲಿ ಈಗ ಎನ್‌ಎಂಆರ್ ಸಂಶೋಧನಾ ಕೇಂದ್ರವಿದ್ದು, ಘನಸ್ಥಿತಿಯ ಅಧ್ಯಯನಗಳೂ ನಡೆಯುತ್ತವೆ.

ವಾಲಿಸಿ ತಿರುಗಿಸುವ ಬುಗುರಿ

ದ್ರವದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಹೊರಳುತ್ತಿರುತ್ತವೆ. ಆದ್ದರಿಂದ ದಿಕ್ಕನ್ನು ಅವಲಂಬಿಸಿದ ವ್ಯತ್ಯಾಸಗಳು ತಾವಾಗಿಯೇ ಸರಾಸರಿಯಾಗಿ, ಸಂಕೇತ ಚೂಪಾದ ಗೆರೆಯಾಗಿ ಬರುತ್ತದೆ. ಘನವಸ್ತುವಿನ ಪುಡಿಯಲ್ಲಿ ಕಣಗಳು ಒಂದೊಂದು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತವೆ. ಎಲ್ಲರೂ ಒಮ್ಮೆಗೇ ಮಾತನಾಡುವ ಸಂತೆಯಂತೆ, ಗೆರೆಗಳೆಲ್ಲ ಕಲಸಿ ಒಂದು ದಿಬ್ಬವಾಗುತ್ತದೆ.

ಇದಕ್ಕೆ ಪರಿಹಾರ ಕಂಡುಹಿಡಿದವರು ಬ್ರಿಟನ್ನಿನ ರೇಮಂಡ್ ಆಂಡ್ರ್ಯೂ ಮತ್ತು ಅಮೆರಿಕದ ಇರ್ವಿಂಗ್ ಲೋ. 1958–59ರಲ್ಲಿ ಇಬ್ಬರೂ ಪ್ರತ್ಯೇಕವಾಗಿ ತೋರಿಸಿದ್ದೇನೆಂದರೆ, ಮಾದರಿಯನ್ನು ಕಾಂತಕ್ಷೇತ್ರಕ್ಕೆ ಸರಿಯಾಗಿ 54.74 ಡಿಗ್ರಿ ವಾಲಿಸಿ ಬುಗುರಿಯಂತೆ ವೇಗವಾಗಿ ತಿರುಗಿಸಿದರೆ ದಿಕ್ಕಿನ ಗೊಂದಲ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಘನಾಕೃತಿಯೊಂದರ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣ ಅದರ ಅಂಚಿನೊಡನೆ ಮಾಡುವ ಕೋನವೂ ಇದೇ. ವಿಜ್ಞಾನಿಗಳು ಇದನ್ನು ‘ಮಾಂತ್ರಿಕ ಕೋನ’ ಎಂದು ಕರೆಯುತ್ತಾರೆ. ಒಣ ಹೆಸರುಗಳ ಈ ಶಾಸ್ತ್ರದಲ್ಲಿ ಇದೊಂದು ಅಪವಾದ. ಸೋಸುಕದ ಹರಳನ್ನು ಪುಡಿಮಾಡಿ, 4 ಮಿಲಿಮೀಟರ್ ದಪ್ಪದ ಜಿರ್ಕೋನಿಯಾ ಕೊಳವೆಗೆ ತುಂಬಿ, ಗಾಳಿಯ ಒತ್ತಡದಿಂದ ಸೆಕೆಂಡಿಗೆ 10ರಿಂದ 15 ಸಾವಿರ ಸುತ್ತು ತಿರುಗಿಸುವುದು ಈಗ ದಿನನಿತ್ಯದ ಕೆಲಸ. ಇನ್ನೂ ಸಣ್ಣ ಕೊಳವೆಗಳು ಲಕ್ಷ ಸುತ್ತನ್ನೂ ದಾಟಿವೆ.

ಅಲ್ಯೂಮಿನಿಯಂ ಈ ಪರೀಕ್ಷೆಗೆ ಅನುಕೂಲವಾದ ಲೋಹ. ನಿಸರ್ಗದಲ್ಲಿ ಸಿಗುವ ಅಲ್ಯೂಮಿನಿಯಂ ಎಲ್ಲವೂ 27 ದ್ರವ್ಯರಾಶಿಯ ಒಂದೇ ಬಗೆಯದಾಗಿದ್ದು, ಪ್ರತಿಯೊಂದು ಬೀಜವೂ ಎನ್‌ಎಂಆರ್‌ಗೆ ಸ್ಪಂದಿಸುತ್ತದೆ. ಅದರ ಸುತ್ತ ಆರು ಆಮ್ಲಜನಕಗಳಿದ್ದರೆ ಸಂಕೇತ 0ಯಿಂದ 15 ಪಿಪಿಎಂ ನಡುವೆ, ನಾಲ್ಕಿದ್ದರೆ 55ರಿಂದ 80ರ ನಡುವೆ, ಐದಿದ್ದರೆ ಇವೆರಡರ ಮಧ್ಯೆ ಸುಮಾರು 35ರ ಬಳಿ ಬರುತ್ತದೆ. ಸಾಮಾನ್ಯ ಗಾಮಾ ಅಲ್ಯೂಮಿನಾದಲ್ಲಿ ನಾಲ್ಕು ನೆರೆಯವುಗಳಿರುವ ಪರಮಾಣುಗಳು ಸುಮಾರು ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗ. ಉಳಿದವುಗಳಲ್ಲಿ ಬಹುಪಾಲು ಆರರವು. ಐದರವು ತೀರ ಅಲ್ಪ. ಆದರೆ ಒಳಮೈಯಲ್ಲಿ ಒಂದು ನೆರೆ ಕಳೆದುಕೊಂಡು ‘ಹಸಿದು’ ಕುಳಿತವು ಅವೇ.

ಈ ಅಲ್ಪಸಂಖ್ಯಾತರ ಮಹತ್ವವನ್ನು ತೋರಿಸಿದ್ದು ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದ ಒಂದು ಅಧ್ಯಯನ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅದರಲ್ಲಿ, ಅಲ್ಯೂಮಿನಾದ ಮೇಲೆ ಪ್ಲಾಟಿನಂ ಹಾಕಿದಾಗ ಐದು ನೆರೆಯ ಅಲ್ಯೂಮಿನಿಯಂ ಸಂಕೇತ ಕ್ಷೀಣಿಸುವುದನ್ನು ಅತಿ ಪ್ರಬಲ ಕಾಂತಕ್ಷೇತ್ರದ ಎನ್‌ಎಂಆರ್ ಮೂಲಕ ಕಂಡುಕೊಳ್ಳಲಾಯಿತು. ದುಬಾರಿ ಲೋಹ ಎಲ್ಲೆಂದರಲ್ಲಿ ಕೂರದೆ ಆ ಹಸಿದ ನೆಲೆಗಳನ್ನೇ ಆರಿಸಿಕೊಳ್ಳುತ್ತದೆ ಎಂಬುದು ಸಾಬೀತಾಯಿತು. ಅಲ್ಲಿ ಪ್ರಶ್ನೆ ವಾಹನದ ಹೊಗೆ ಶುದ್ಧಿಯಂಥ ವೇಗವರ್ಧಕಗಳದು, ಇಲ್ಲಿ ಕುಡಿಯುವ ನೀರಿನದು. ನೆಲೆ ಹುಡುಕುವ ವಿಧಾನ ಒಂದೇ.

ಫ್ಲೋರೈಡ್ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಫ್ಲೋರಿನ್ ಕೂಡ ಪೂರ್ತಿಯಾಗಿ ಒಂದೇ ಬಗೆಯದು, ಅದರ ಸಂಕೇತವೋ ಜಲಜನಕದಷ್ಟೇ ಗಟ್ಟಿ. ಹೀಗಾಗಿ ಹಿಡಿಯುವವನನ್ನೂ ಸಿಕ್ಕಿಬಿದ್ದವನನ್ನೂ ಪ್ರತ್ಯೇಕವಾಗಿ ವಿಚಾರಿಸಬಹುದು. ಎರಡು ಬೀಜಗಳ ನಡುವಿನ ಸಂಬಂಧವನ್ನು ಅಳೆಯುವ ಪ್ರಯೋಗಗಳಿಂದ ಯಾವ ಫ್ಲೋರಿನ್ ಯಾವ ಅಲ್ಯೂಮಿನಿಯಂನ ಮಗ್ಗುಲಲ್ಲಿದೆ ಎಂಬುದೂ ತಿಳಿಯುತ್ತದೆ. ಕ್ಲೇರ್ ಗ್ರೇ ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗಾಮಾ ಅಲ್ಯೂಮಿನಾ ಫ್ಲೋರಿನ್‌ಯುಕ್ತ ಅನಿಲದೊಡನೆ ವರ್ತಿಸುವುದನ್ನು ಹೀಗೆಯೇ ಹಂತಹಂತವಾಗಿ ಹಿಂಬಾಲಿಸಿತು: ಮೊದಲು ಫ್ಲೋರಿನ್ ಒಳಮೈಗೆ ಅಂಟುತ್ತದೆ, ಮುಂದೆ ಅಲ್ಯೂಮಿನಿಯಂ ಫ್ಲೋರೈಡ್ ಎಂಬ ಬೇರೆಯೇ ವಸ್ತು ಬೆಳೆಯತೊಡಗುತ್ತದೆ. ಅದು ಬಿಸಿ ಅನಿಲದ ಪ್ರಯೋಗ, ಕೊಳವೆಬಾವಿಯ ನೀರಿನದಲ್ಲ. ಅದರ ಫಲಿತಾಂಶವನ್ನು ಹಾಗೆಯೇ ಸೋಸುಕಕ್ಕೆ ಹೊಂದಿಸಲಾಗದು. ಆದರೂ ಅಂಟಿದ ಫ್ಲೋರೈಡ್ ಮತ್ತು ಹೊಸ ವಸ್ತುವಾಗಿ ಬೆಳೆದ ಫ್ಲೋರೈಡ್ ಬೇರೆ ಬೇರೆ ಎಂಬ ಭೇದ ಮುಖ್ಯ. ಮೊದಲನೆಯದನ್ನು ತೊಳೆದು ತೆಗೆಯಬಹುದು. ಎರಡನೆಯದು ಹರಳಿನ ಗೋಡೆಯನ್ನೇ ತಿಂದು ಹುಟ್ಟಿದ್ದು.

ಈ ಭೇದಕ್ಕೆ ಆರೋಗ್ಯದ ದೃಷ್ಟಿಯಿಂದಲೂ ಬೆಲೆಯಿದೆ. ಫ್ಲೋರೈಡ್ ಹಿಡಿಯುವ ಶಕ್ತಿ ಹೆಚ್ಚಿರುವುದು ನೀರು ತುಸು ಆಮ್ಲೀಯವಾಗಿದ್ದಾಗ, ಅಂದರೆ ಪಿಎಚ್ 5ರಿಂದ 6ರ ಆಸುಪಾಸಿನಲ್ಲಿ. ಆದರೆ ಆಮ್ಲೀಯತೆ ಮಿತಿಮೀರಿದರೆ ಅಲ್ಯೂಮಿನಿಯಂ ಮತ್ತು ಫ್ಲೋರೈಡ್ ಜೊತೆಯಾಗಿ ನೀರಿನಲ್ಲಿ ಕರಗಿ ಹೊರಬರಬಲ್ಲವು. ಕುಡಿಯುವ ನೀರಿನಲ್ಲಿ ಅಲ್ಯೂಮಿನಿಯಂಗೂ ಮಿತಿಯಿದೆ: ಲೀಟರಿಗೆ 0.03 ಮಿಲಿಗ್ರಾಂ, ಅನಿವಾರ್ಯವಾದರೆ 0.2. ಒಂದು ತೊಂದರೆ ತೆಗೆಯಹೋಗಿ ಇನ್ನೊಂದನ್ನು ಸೇರಿಸಬಾರದಷ್ಟೆ.

ಹೊಸ ಪಂಜರಗಳು

ಅಲ್ಯೂಮಿನಾದ ಅಸ್ತವ್ಯಸ್ತ ಗೋಡೆಗೆ ಬದಲಾಗಿ ಲೋಹದ ನೆಲೆಗಳನ್ನು ಬೇಕಾದಲ್ಲಿಯೇ ಇಟ್ಟು ರಂಧ್ರಗಳನ್ನು ಕಟ್ಟಿದರೆ ಹೇಗೆ? ಲೋಹ ಮತ್ತು ಸಾವಯವ ಕೊಂಡಿಗಳಿಂದ ಹೆಣೆದ ಇಂಥ ಪಂಜರಗಳನ್ನು ‘ಮೆಟಲ್ ಆರ್ಗಾನಿಕ್ ಫ್ರೇಮ್‌ವರ್ಕ್’, ಚಿಕ್ಕದಾಗಿ ಎಂಒಎಫ್ ಎನ್ನುತ್ತಾರೆ. ಇವನ್ನು ರೂಪಿಸಿದ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಸಂದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿ ಅವರ ತಂಡ ಬಹುಕಾಲದಿಂದ ಈ ವಸ್ತುಗಳ ಮೇಲೆ ಕೆಲಸ ಮಾಡುತ್ತಿದೆ. ಅದೇ ಕೇಂದ್ರದ ಸ್ಥಾಪಕ, ಭಾರತರತ್ನ ಸಿ.ಎನ್.ಆರ್. ರಾವ್ ಅವರು ತೆರೆದ ಚೌಕಟ್ಟಿನ ರಂಧ್ರಮಯ ವಸ್ತುಗಳ ಕುರಿತು ಅದಕ್ಕೂ ಮೊದಲೇ ಸಾಕಷ್ಟು ಸಂಶೋಧನೆ ನಡೆಸಿದ್ದರು.

ಕೆಲವು ಎಂಒಎಫ್‌ಗಳ ಒಳಮೈ ಗ್ರಾಂಗೆ ಸಾವಿರಾರು ಚದರ ಮೀಟರ್. ಅಲ್ಯೂಮಿನಿಯಂ ಮತ್ತು ಜಿರ್ಕೋನಿಯಂ ಆಧಾರದ ಕೆಲವನ್ನು ಫ್ಲೋರೈಡ್ ತೆಗೆಯಲು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ. ಆದರೆ ಎಲ್ಲ ಪಂಜರಗಳೂ ನೀರಿಗೆ ಬಾಳುವುದಿಲ್ಲ. ಪ್ರಸಿದ್ಧವಾದ ಎಂಒಎಫ್-5 ಎಂಬ ಸತುವಿನ ಪಂಜರ ಗಾಳಿಯ ತೇವಕ್ಕೇ ಕುಸಿಯುತ್ತದೆ. ಜಾಹೀರಾತಿನ ಮಾತಿಗೆ ಮರುಳಾಗುವ ಮುನ್ನ ಇದು ನೆನಪಿರಬೇಕು. ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟ ಬಳಿಕ ಲೋಹದ ಸುತ್ತಲಿನ ಕೊಂಡಿಗಳು ಹಾಗೆಯೇ ಇವೆಯೇ, ಅಥವಾ ನೀರು ಒಂದೊಂದಾಗಿ ಬಿಚ್ಚುತ್ತಿದೆಯೇ ಎಂಬುದನ್ನು ಲೋಹದ ಎನ್‌ಎಂಆರ್ ನೇರವಾಗಿ ಹೇಳಬಲ್ಲದು.

ಎಲ್ಲ ಲೋಹಗಳೂ ಅಲ್ಯೂಮಿನಿಯಂನಷ್ಟು ಸುಲಭವಲ್ಲ. ಮೆಗ್ನೀಸಿಯಂನಲ್ಲಿ ಎನ್‌ಎಂಆರ್‌ಗೆ ಓಗೊಡುವ ಬೀಜಗಳು ನೂರಕ್ಕೆ ಹತ್ತು, ಸತುವಿನಲ್ಲಿ ನೂರಕ್ಕೆ ನಾಲ್ಕು. ಸಂಕೇತವೂ ಕ್ಷೀಣ. ಕೆನಡಾದ ವಿಜ್ಞಾನಿಗಳು ಮೆಗ್ನೀಸಿಯಂ ಎಂಒಎಫ್ ಒಂದರ ಲೋಹದ ನೆಲೆಯನ್ನು ನೋಡಲು 21.1 ಟೆಸ್ಲಾದ ಯಂತ್ರವನ್ನೇ ಬಳಸಬೇಕಾಯಿತು. ತಾಮ್ರ ಮತ್ತು ಕಬ್ಬಿಣದ್ದು ಇನ್ನೊಂದು ಬಗೆಯ ತೊಡಕು: ಅವುಗಳ ಒಂಟಿ ಎಲೆಕ್ಟ್ರಾನುಗಳು ಪ್ರಬಲ ಕಾಂತಗಳಂತೆ ವರ್ತಿಸಿ ಸುತ್ತಲಿನ ಸಂಕೇತವನ್ನೆಲ್ಲ ಅಗಲಿಸಿ ಮುಳುಗಿಸಿಬಿಡುತ್ತವೆ. ಅಗ್ಗದ ಸೋಸುಕವೆಂದು ಹಲವರು ಸೂಚಿಸುವ ಜಂಬಿಟ್ಟಿಗೆ ಮಣ್ಣು, ಬಾಕ್ಸೈಟ್‌ಗಳಲ್ಲಿ ಕಬ್ಬಿಣ ಧಾರಾಳವಾಗಿದೆ. ಹೀಗಾಗಿ ಬಡವರಿಗೆ ಎಟಕುವ ವಸ್ತುವೇ ಈ ದುಬಾರಿ ಯಂತ್ರಕ್ಕೆ ಎಟಕುವುದಿಲ್ಲ.

ಇನ್ನೊಂದು ಮಿತಿ ಸಂಖ್ಯೆಯದು. ಸಾಮಾನ್ಯ ಉಷ್ಣತೆಯಲ್ಲಿ ಸಂಕೇತಕ್ಕೆ ನೆರವಾಗುವುದು ಲಕ್ಷ ಬೀಜಗಳಲ್ಲಿ ಕೆಲವೇ ಕೆಲವು. ಒಳಮೈಯಲ್ಲಿರುವ ನೆಲೆಗಳು ಒಟ್ಟು ಪರಮಾಣುಗಳ ಸಣ್ಣ ಪಾಲು ಮಾತ್ರವಾದ್ದರಿಂದ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸಂಕೇತ ಸಂಗ್ರಹಿಸಬೇಕು. ಎಲೆಕ್ಟ್ರಾನುಗಳ ಕಾಂತಬಲವನ್ನು ಬೀಜಗಳಿಗೆ ವರ್ಗಾಯಿಸಿ ಒಳಮೈಯ ಸಂಕೇತವನ್ನು ಹತ್ತಾರು ಪಟ್ಟು ಹಿಗ್ಗಿಸುವ ತಂತ್ರವನ್ನು 2010ರಲ್ಲಿ ಯುರೋಪಿನ ತಂಡವೊಂದು ತೋರಿಸಿಕೊಟ್ಟಿದ್ದು, ಅಂದಿನಿಂದ ಈ ಕ್ಷೇತ್ರ ವೇಗ ಪಡೆದಿದೆ.

ಇಷ್ಟಾಗಿಯೂ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ತಿಳಿಯಲು ಎನ್‌ಎಂಆರ್ ಬೇಕಿಲ್ಲ. ಅದಕ್ಕೆ ಫ್ಲೋರೈಡ್ ಎಲೆಕ್ಟ್ರೋಡ್ ಅಥವಾ ಬಣ್ಣ ಬದಲಾವಣೆಯ ಪರೀಕ್ಷೆ ಸಾಕು. ಸ್ಥಳದಲ್ಲಿಯೇ ನೋಡುವ ಕಿಟ್‌ಗಳೂ ಇವೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳು ಮಾದರಿಗಳನ್ನು ಪರೀಕ್ಷಿಸುತ್ತವೆ. ಸೋಸುಕ ಇರುವ ಕಡೆ ಸೋಸುವ ಮುಂಚಿನ ನೀರನ್ನೂ ಸೋಸಿದ ನೀರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಕೊಡಬೇಕು. ಬಾಟಲಿ ಗಾಜಿನದಾಗಿರದೆ ಪ್ಲಾಸ್ಟಿಕ್‌ನದಾಗಿರಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಡನೆ ವರ್ತಿಸಬಲ್ಲದು. ಎರಡೂ ಬಾಟಲಿಗಳ ಅಂಕಿ ಒಂದೇ ಆಗಿ ಬಂದರೆ ಹರಳಿನ ನೆಲೆಗಳು ಭರ್ತಿಯಾಗಿವೆ ಎಂದರ್ಥ.